ಬಿತ್ತನೆಯ ಬತ್ತ ಉಂಡ ಮೇಲೆ

ಗೃಹಿಣಿಯೊಬ್ಬಳು ಬೇಸ್‌ಬಾಲ್ ಕುರಿತು ಲೇಖನಿ ಹಿಡಿದುದನ್ನು ಕಂಡು ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳು ಮುಗುಳ್ನಗಬಹುದು. ಕಾಲೇಜಿನಲ್ಲಿ ನಾನು ಓದಿದ್ದು ಇತಿಹಾಸ. ಸಾಮ್ರಾಜ್ಯಗಳ ಏಳುಬೀಳುಗಳೇ ಅಲ್ಲಿನ ಪಾಠ. ಕ್ಯಾನ್ಸಸ್ ಸಿಟಿಯಲ್ಲಿ ನೆಲೆಸಿ, ಮಗನೊಡನೆ ಕುಳಿತು ಆಟ ನೋಡುತ್ತ, ಅದೇ ಪಾಠವನ್ನು ನಮ್ಮೂರಿನ ರಾಯಲ್ಸ್ ತಂಡದಲ್ಲಿ ಇನ್ನೊಮ್ಮೆ ಓದಿದೆ.

2015ರಲ್ಲಿ ಈ ತಂಡ ನ್ಯೂಯಾರ್ಕ್ ಮೆಟ್ಸ್ ತಂಡವನ್ನು ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. 1985ರ ನಂತರ, ಮೂವತ್ತು ವರ್ಷಗಳ ಮೇಲೆ ಬಂದ ಗೆಲುವು ಅದು. ವಿಜಯೋತ್ಸವದ ಮೆರವಣಿಗೆಗೆ ಲಕ್ಷಾಂತರ ಜನ ನೆರೆದರು. ಆ ವರ್ಷ 162 ಪಂದ್ಯಗಳಲ್ಲಿ 95ನ್ನು ಗೆದ್ದಿದ್ದ ತಂಡ ಮರುವರ್ಷ 81, ಅದರ ಮರುವರ್ಷ 80 ಪಂದ್ಯಗಳನ್ನು ಗೆದ್ದಿತು. 2018ರಲ್ಲಿ ಗೆದ್ದದ್ದು ಕೇವಲ 58, ಸೋತದ್ದು 104!

ಆಟಗಾರರ ಹಣದಾಸೆಯೇ ಇದಕ್ಕೆ ಕಾರಣವೆಂಬುದು ನಮ್ಮ ಮನೆಯವರ ವಾದ. ಆಡಳಿತದ ಜಿಪುಣತನವೆಂಬುದು ಮಗನ ವಾದ. ಎರಡನ್ನೂ ನಾನು ಒಪ್ಪಲಾರೆ. ಇಳಿತದ ಬೀಜ ಗೆಲುವಿನೊಳಗೇ ಇತ್ತು.

ಅಜ್ಜನ ಮನೆಯ ಅಟ್ಟದಲ್ಲಿ ಬಿತ್ತನೆಯ ಬತ್ತವನ್ನು ಬೇರೆಯಾಗಿ ಕಟ್ಟಿಡುತ್ತಿದ್ದರು. ಎಂತಹ ಕೊರತೆಯಲ್ಲೂ ಅದಕ್ಕೆ ಕೈ ಹಾಕುವಂತಿರಲಿಲ್ಲ. 2015ರ ಜುಲೈನಲ್ಲಿ ರಾಯಲ್ಸ್ ಆಡಳಿತ ಕೈ ಹಾಕಿದ್ದು ಅಂತಹ ಬತ್ತಕ್ಕೇ. ಜಾನಿ ಕ್ವೆಟೊ, ಬೆನ್ ಝೋಬ್ರಿಸ್ಟ್ ಎಂಬ ಇಬ್ಬರು ಅನುಭವಿಗಳಿಗಾಗಿ ಐವರು ಯುವ ಪಿಚರ್‌ಗಳನ್ನು ಬಿಟ್ಟುಕೊಟ್ಟಿತು. ಹಬ್ಬದೂಟವೇನೋ ಸೊಗಸಾಯಿತು, ಆದರೆ ಋತು ಮುಗಿದೊಡನೆ ಆ ಇಬ್ಬರೂ ಬೇರೆ ತಂಡಗಳಿಗೆ ಹೊರಟರು. 2017ರ ಜನವರಿಯಲ್ಲಿ ತರುಣ ಪಿಚರ್ ಯೊರ್ಡಾನೊ ವೆಂಚುರಾ ಕಾರು ಅಪಘಾತದಲ್ಲಿ ಮಡಿದದ್ದು ವಿಧಿಯ ಏಟು.

ಆರು ವರ್ಷಗಳ ಸೇವೆ ಪೂರೈಸಿದ ಆಟಗಾರ, ಒಪ್ಪಂದ ಮುಗಿದರೆ, ಯಾವ ತಂಡಕ್ಕಾದರೂ ಹೋಗಲು ಸ್ವತಂತ್ರ. ಎರಿಕ್ ಹಾಸ್ಮರ್, ಲೊರೆಂಜೊ ಕೇನ್, ಮೈಕ್ ಮುಸ್ಟಾಕಸ್ ಈ ಮೂವರ ಒಪ್ಪಂದವೂ 2017ರ ಕೊನೆಗೆ ಒಮ್ಮೆಲೇ ಮುಗಿಯಿತು. ಒಂದೇ ಕಾಲಕ್ಕೆ ಮಾಗಿದ್ದರಿಂದ ಗೆಲುವು ಬಂದಿತ್ತು. ಮಾಗಿದ ಹಣ್ಣುಗಳು ಒಂದೇ ಕಾಲಕ್ಕೆ ಉದುರಿದರೆ ಅಚ್ಚರಿಯೇನು?

ಎಂಟು ವರ್ಷಗಳಿಗೆ 14 ಕೋಟಿ 40 ಲಕ್ಷ ಡಾಲರಿನ ಒಪ್ಪಂದಕ್ಕೆ ಹಾಸ್ಮರ್ ಸ್ಯಾನ್ ಡಿಯಾಗೋ ಸೇರಿದಾಗ, ಮಗ ಅವನ ಹೆಸರಿನ ಅಂಗಿಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ. ನಾನು ಮಾತ್ರ ಹಾಸ್ಮರನನ್ನು ಹಳಿಯಲಾರದೆ ಹೋದೆ. ಹೆಚ್ಚಿನ ಸಂಬಳಕ್ಕಾಗಿ ಹುಟ್ಟೂರು ತೊರೆದು, ವಿಮಾನ ನಿಲ್ದಾಣದಲ್ಲಿ ಹೆತ್ತವರನ್ನು ಅಳಿಸಿ ಬಂದವರಲ್ಲವೇ ನಾವು? ನಮಗೊಂದು ನ್ಯಾಯ, ಅವನಿಗೊಂದು ನ್ಯಾಯವೇ?

ಎಲ್ಲರನ್ನೂ ಉಳಿಸಿಕೊಂಡಿದ್ದರೆ ವೈಭವ ಉಳಿಯುತ್ತಿತ್ತೆಂಬುದೂ ಭ್ರಮೆ. 7 ಕೋಟಿ 20 ಲಕ್ಷ ಡಾಲರಿಗೆ ಉಳಿಸಿಕೊಂಡ ಅಲೆಕ್ಸ್ ಗಾರ್ಡನನ ಬ್ಯಾಟಿಂಗ್ ಸರಾಸರಿ 2015ರಲ್ಲಿ .271 ಇದ್ದದ್ದು 2017ರಲ್ಲಿ .208ಕ್ಕೆ ಇಳಿಯಿತು. ಹಾಸ್ಮರನನ್ನು ಸ್ಯಾನ್ ಡಿಯಾಗೋ 2022ರಲ್ಲಿಯೇ ಬಿಟ್ಟುಕೊಟ್ಟಿತು. ತಂಡಗಳು ಸಂಬಳ ತೆರುವುದು ಕಳೆದ ಬೆಳೆಗೆ; ವಯಸ್ಸು ಕಾಯುವುದಿಲ್ಲ.

ಸೋಲಿಗೂ ಒಂದು ಫಲವುಂಟು. 104 ಸೋಲುಗಳ ಮರುವರ್ಷ, ಹೊಸ ಆಟಗಾರರ ಆಯ್ಕೆಯಲ್ಲಿ ಎರಡನೆಯ ಸರದಿ ಪಡೆದ ರಾಯಲ್ಸ್, ಬಾಬ್ಬಿ ವಿಟ್ ಜೂನಿಯರ್ ಎಂಬ ತರುಣನನ್ನು ಆರಿಸಿಕೊಂಡಿತು. ಆದರೂ 2023ರಲ್ಲಿ 106 ಸೋಲುಗಳನ್ನು ಉಣ್ಣಬೇಕಾಯಿತು. 2024ರಲ್ಲಿ 86 ಗೆಲುವುಗಳೊಡನೆ, 2015ರ ನಂತರ ಮೊದಲ ಬಾರಿಗೆ, ತಂಡ ಅಂತಿಮ ಘಟ್ಟದ ಪಂದ್ಯಗಳನ್ನು ತಲುಪಿತು. ಒಂದು ಹಬ್ಬದೂಟದ ಸಾಲ ತೀರಲು ಒಂಬತ್ತು ವರ್ಷ ಹಿಡಿಯಿತು.

ಬಿತ್ತನೆಯ ಬತ್ತ ಉಂಡದ್ದು ತಪ್ಪೇ? ಅಲ್ಲವೆಂದೇ ನನ್ನ ಭಾವನೆ. ಮೂವತ್ತು ವರ್ಷ ಹಸಿದವರು ಒಮ್ಮೆ ಹೊಟ್ಟೆ ತುಂಬ ಉಣ್ಣಲಿ. ಆದರೆ ಉಂಡವರು ಬರಿದಾದ ಗದ್ದೆಯನ್ನು ಕಂಡು ಇನ್ನೊಬ್ಬರನ್ನು ಶಪಿಸಬಾರದು. ಮಗ ಈಗ ಆ ಅಂಗಿಯನ್ನು ಪೆಟ್ಟಿಗೆಯಿಂದ ಹೊರತೆಗೆದಿದ್ದಾನೆ. ತುಸು ಬಿಗಿಯಾಗಿದೆ, ಆದರೂ ತೊಡುತ್ತಾನೆ.