ಆಶ್ವಿಟ್ಜ್‌ಗೂ ಉಪ್ಪಿನ ಗಣಿಗೂ ಒಂದೇ ದಿನ ಹೋಗಬೇಡಿ

ಮಗಳು ಪೋಲೆಂಡಿನಲ್ಲಿ ಓದುತ್ತಿದ್ದಾಳೆ, ಅಳಿಯ ಅಲ್ಲಿ ಕೆಲಸದಲ್ಲಿದ್ದಾನೆ ಎನ್ನುವ ಮನೆಗಳು ಈಗ ಹಳ್ಳಿಗಳಲ್ಲೂ ಸಿಗುತ್ತವೆ. ಅಪ್ಪ ಅಮ್ಮ ನೋಡಲು ಹೋದಾಗ ಹೆಚ್ಚಾಗಿ ಕರೆದೊಯ್ಯುವುದು ದಕ್ಷಿಣದ ಮಾವೊಪೋಲ್ಸ್ಕಾ ಪ್ರಾಂತ್ಯಕ್ಕೆ. ವಾರ್ಸಾಗಿಂತ ಮೊದಲು ರಾಜಧಾನಿಯಾಗಿದ್ದ ಕ್ರಾಕೋವ್ ಇರುವುದು ಇಲ್ಲೇ.

ಕ್ರಾಕೋವ್‌ನಲ್ಲಿ ಕಾಲಿಟ್ಟ ಕಡೆಯೆಲ್ಲ ಒಂದು ಪ್ಯಾಕೇಜ್ ಕಣ್ಣಿಗೆ ಬೀಳುತ್ತದೆ: ಬೆಳಿಗ್ಗೆ ಆಶ್ವಿಟ್ಜ್, ಮಧ್ಯಾಹ್ನ ವಿಯೆಲಿಚ್ಕಾ ಉಪ್ಪಿನ ಗಣಿ, ರಾತ್ರಿ ವಾಪಸ್. ಒಂದೇ ದಿನದಲ್ಲಿ ನಾಲ್ಕು ದೇವಸ್ಥಾನ ಮುಗಿಸುವ ನಮ್ಮವರಿಗೆ ಇದು ಲಾಭದ ಮಾತು ಅನ್ನಿಸುತ್ತದೆ. ನಮ್ಮ ಅಭಿಪ್ರಾಯ ಬೇರೆ. ಈ ಪ್ಯಾಕೇಜ್ ಬೇಡ.

ಮೊದಲು ಲೆಕ್ಕ ನೋಡಿ. ಆಶ್ವಿಟ್ಜ್ ಕ್ರಾಕೋವ್‌ನಿಂದ ಸುಮಾರು 70 ಕಿ.ಮೀ. ಸರಿಯಾಗಿ ನೋಡಲು ಕನಿಷ್ಠ ಮೂರೂವರೆ ಗಂಟೆ ಬೇಕೆಂದು ಮ್ಯೂಸಿಯಂನವರೇ ಹೇಳುತ್ತಾರೆ. ಗಣಿಗೆ ಇನ್ನೂ ಎರಡು ಮೂರು ಗಂಟೆ. ಅಲ್ಲಿ ಒಟ್ಟು ಸುಮಾರು 800 ಮೆಟ್ಟಿಲು, ಶುರುವಿನಲ್ಲೇ ಒಂದೇ ಸಮನೆ 380 ಇಳಿಯಬೇಕು. ಮೇಲೆ ಬರಲು ಲಿಫ್ಟ್ ಇದೆ, ಆದರೆ ಮಂಡಿನೋವಿರುವ ಅಮ್ಮನಿಗೆ ಕಷ್ಟ ಇಳಿಯುವುದರಲ್ಲೇ.

ಲೆಕ್ಕಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆಶ್ವಿಟ್ಜ್‌ನಲ್ಲಿ ನಾಜಿಗಳು ಸುಮಾರು 11 ಲಕ್ಷ ಜನರನ್ನು ಕೊಂದರು. ಅವರಲ್ಲಿ ಸುಮಾರು 10 ಲಕ್ಷ ಮಂದಿ ಯಹೂದಿಗಳು. ಸತ್ತವರ ಚಪ್ಪಲಿ, ಸೂಟ್‌ಕೇಸ್, ಕತ್ತರಿಸಿದ ಕೂದಲು ಇಂದಿಗೂ ಅಲ್ಲಿವೆ. ಅದನ್ನು ನೋಡಿ ಬಂದು, ವ್ಯಾನಿನಲ್ಲಿ ತಿಂಡಿ ತಿಂದು, ಉಪ್ಪಿನ ದೀಪಗೊಂಚಲಿನ ಕೆಳಗೆ ಸೆಲ್ಫಿಗೆ ನಿಲ್ಲುವುದು ನಮಗೆ ಸರಿ ಕಾಣುವುದಿಲ್ಲ. ಸಾವಿನ ಮನೆಗೆ ಹೋಗಿ ಬಂದ ದಿನ ನಾವು ಜಾತ್ರೆಗೆ ಹೋಗುತ್ತೇವೆಯೇ?

ಹಾಗಾದರೆ ಹೇಗೆ ಹೋಗುವುದು? ಆಶ್ವಿಟ್ಜ್‌ಗೆ ಪ್ರವೇಶ ಉಚಿತ, ಗೈಡ್ ಬೇಕೆಂದರೆ ಮಾತ್ರ ದುಡ್ಡು. ಆದರೆ ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಲ್ಲಿ ಮೊದಲೇ ಹೆಸರು ಕೊಟ್ಟು ಸಮಯ ಕಾಯ್ದಿರಿಸಬೇಕು. ಬೇಸಿಗೆಯಲ್ಲಿ ಬೇಗ ತುಂಬುತ್ತದೆ. ಪಾಸ್‌ಪೋರ್ಟ್ ಜೊತೆಗಿರಲಿ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಕರೆತರದಿರುವುದು ಒಳ್ಳೆಯದೆಂಬುದು ಮ್ಯೂಸಿಯಂನವರ ಸಲಹೆ.

ಕ್ರಾಕೋವ್ ರೈಲು ನಿಲ್ದಾಣದ ಪಕ್ಕದ ಬಸ್ ನಿಲ್ದಾಣದಿಂದ ಬಸ್ ಸಿಗುತ್ತದೆ. ಬೋರ್ಡಿನಲ್ಲಿ ಆಶ್ವಿಟ್ಜ್ ಎಂದು ಹುಡುಕಬೇಡಿ, ಅದು ಜರ್ಮನ್ನರು ಇಟ್ಟ ಹೆಸರು. ಊರಿನ ಪೋಲಿಷ್ ಹೆಸರು ಓಶ್ವಿಯೆಂಚಿಮ್. ಹಾಗೆಯೇ ಅಲ್ಲಿಯವರ ಮುಂದೆ ‘ಪೋಲೆಂಡಿನ ಕ್ಯಾಂಪ್’ ಎನ್ನಬೇಡಿ, ನೋಯುತ್ತಾರೆ. ಪೋಲೆಂಡನ್ನು ಆಕ್ರಮಿಸಿದ ಜರ್ಮನ್ನರು ಕಟ್ಟಿದ್ದು ಅದು, ಸಾವಿರಾರು ಪೋಲಿಷರೂ ಅಲ್ಲೇ ಸತ್ತರು. ಮೂರು ಕಿ.ಮೀ. ದೂರದ ಬಿರ್ಕೆನೌ ಭಾಗವನ್ನು ಸುಸ್ತಾಯಿತೆಂದು ಬಿಡಬೇಡಿ. ಅಲ್ಲಿಗೆ ಉಚಿತ ಬಸ್ ಇದೆ.

ಗಣಿಗೆ ಇನ್ನೊಂದು ದಿನ ಹೋಗಿ. ಕ್ರಾಕೋವ್‌ನಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಬೇಸಿಗೆಯಲ್ಲೂ ಒಳಗೆ ತಂಪು, ಸ್ವೆಟರ್ ಇರಲಿ. ನೆಲದಿಂದ 101 ಮೀಟರ್ ಆಳದಲ್ಲಿ ಉಪ್ಪಿನಲ್ಲೇ ಕೆತ್ತಿದ ಚರ್ಚ್ ನೋಡಿ, ಆ ದಿನ ಬೇಕಾದಷ್ಟು ಸೆಲ್ಫಿ ತೆಗೆದುಕೊಳ್ಳಿ.

ಇನ್ನು ಖರ್ಚಿನ ಮಾತು. ಅಲ್ಲಿ ಯೂರೋ ಅಲ್ಲ, ಝ್ಲೋಟಿ. ಎಟಿಎಂ ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ’ ಎಂದು ಕೇಳಿದರೆ ಬೇಡ ಎನ್ನಿ, ಆ ದರದಲ್ಲಿ ನಷ್ಟ. ಟ್ರಾಮ್ ಹತ್ತಿದ ಕೂಡಲೇ ಕಾಗದದ ಟಿಕೆಟನ್ನು ಮೆಷಿನ್‌ಗೆ ಹಾಕಿ ಮುದ್ರೆ ಹೊಡೆಸಬೇಕು, ಇಲ್ಲವಾದರೆ ಟಿಕೆಟ್ ಇದ್ದರೂ ದಂಡ. ಹೆಚ್ಚಿನ ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಹಾಲು ಬ್ರೆಡ್ ಶನಿವಾರವೇ ತಂದಿಡಿ.

ಊಟಕ್ಕೆ ‘ಬಾರ್ ಮ್ಲೆಚ್ನಿ’ ಹುಡುಕಿ. ಹೆಸರಿನಲ್ಲಿ ಬಾರ್ ಇದ್ದರೂ ಹೆಂಡದಂಗಡಿಯಲ್ಲ, ಅಗ್ಗದ ಊಟದ ಹೋಟೆಲ್. ಸಸ್ಯಾಹಾರಿಗಳು ಆಲೂಗಡ್ಡೆ ಮತ್ತು ಚೀಸ್ ತುಂಬಿದ ‘ಪಿಯೆರೋಗಿ ರುಸ್ಕಿಯೆ’ ಕೇಳಬಹುದು, ನಮ್ಮ ಕಡುಬಿನ ದಾಯಾದಿ. ಮೇಲೆ ಹುರಿದ ಹಂದಿ ಕೊಬ್ಬಿನ ಚೂರು ಉದುರಿಸುವ ರೂಢಿಯಿದೆ. ಹಾಗಾಗಿ ತಟ್ಟೆ ಬರುವ ಮೊದಲೇ ‘ಬೆಜ್ ಮಿಯೆನ್ಸಾ’ ಎಂದುಬಿಡಿ. ಮಾಂಸ ಬೇಡ ಎಂದರ್ಥ.