ತಿಜೋರಿಯೊಳಗೆ ಮಳೆಗಾಲ

ಕಳೆದ ಆಷಾಢದ ಒಂದು ಗುರುವಾರ ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಅಕ್ಕನ ಮನೆಯಿಂದ ಫೋನು ಬಂತು. ಮಾತಾಡಿದ್ದು ಅಕ್ಕನಲ್ಲ, ಅವಳ ಮಗಳು. ''ಮಾವ, ನನ್ನ ಮಾರ್ಕ್ಸ್ ಕಾರ್ಡಿಗೆ ಬೂಷ್ಟು ಹಿಡಿದಿದೆ. ಸೋಮವಾರ ಕಾಲೇಜಿನಲ್ಲಿ ಒರಿಜಿನಲ್ ತೋರಿಸಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಲಾ?'' ಹುಡುಗಿಯ ದನಿಯಲ್ಲಿ ಅಳುವಿತ್ತು. ''ಏನೂ ಮುಟ್ಟಬೇಡ, ಬರುತ್ತೇನೆ'' ಎಂದು ಹೇಳಿ ಬಸ್ಸು ಹತ್ತಿದೆ.

ಎರಡು ವರ್ಷದ ಹಿಂದೆ ಪಕ್ಕದ ಮನೆಯ ಕೊಟ್ಟಿಗೆಗೆ ಬೆಂಕಿ ಬಿದ್ದಿತ್ತು. ಅದನ್ನು ಕಂಡು ಹೆದರಿದ ಭಾವ, ಬೆಂಕಿ ತಡೆಯುವ ಪುಟ್ಟ ತಿಜೋರಿಯೊಂದನ್ನು ತಂದು ನಡುಮನೆಯ ಪಕ್ಕದ ಕೋಣೆಯಲ್ಲಿ ಇಟ್ಟಿದ್ದರು. ಜಮೀನಿನ ಕ್ರಯಪತ್ರ, ಮಗಳ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಅಕ್ಕನ ಮದುವೆಯ ಫೋಟೋ ಎಲ್ಲವೂ ಅದರೊಳಗೆ. ಮೇ ತಿಂಗಳಿನಲ್ಲಿ ಬೀಗ ಹಾಕಿದವರು ಮತ್ತೆ ತೆರೆದದ್ದು ಈ ಗುರುವಾರ. ಬಾಗಿಲು ತೆರೆದರೆ ಹಳೇ ಗೋಣಿಚೀಲದ ವಾಸನೆ. ಪ್ಲಾಸ್ಟಿಕ್ ಫೈಲಿನ ಮೇಲೆ ಬೂದುಹಸಿರು ಚುಕ್ಕೆಗಳು. ''ಇಷ್ಟು ಗಟ್ಟಿ ಬಾಗಿಲು, ಗಾಳಿ ಕೂಡ ಹೋಗದು. ಒಳಗೆ ಥಂಡಿ ಹೇಗೆ ಹೋಯಿತು ಮಾರಾಯ?'' ಎಂದು ಭಾವನ ಪ್ರಶ್ನೆ.

ಹೊರಗಿನಿಂದ ಹೋಗಬೇಕಾಗಿಯೇ ಇರಲಿಲ್ಲ. ಅದು ಒಳಗೇ ಇತ್ತು.

ಕಾಗದ ನೋಡಲು ಒಣಗಿದಂತೆ ಕಂಡರೂ ಅದರಲ್ಲಿ ಯಾವಾಗಲೂ ನೀರಿರುತ್ತದೆ. ಸುತ್ತಲಿನ ಗಾಳಿ ಒಣಗಿದ್ದರೆ ಬಿಡುತ್ತದೆ, ತೇವವಾಗಿದ್ದರೆ ಹೀರುತ್ತದೆ. ಸಾಪೇಕ್ಷ ಆರ್ದ್ರತೆ ಶೇ. 50ರಷ್ಟಿದ್ದಾಗ ಕಾಗದದ ತೂಕದಲ್ಲಿ ಸುಮಾರು ಶೇ. 6 ನೀರು, ಶೇ. 80 ದಾಟಿದರೆ ಅದು ಹತ್ತರ ಹತ್ತಿರ. 5 ಕಿಲೋ ಕಾಗದಪತ್ರವೆಂದರೆ ಅರ್ಧ ಲೀಟರಿನಷ್ಟು ನೀರು! ಅಂಥ ಕಾಗದವನ್ನು ಒಳಗಿಟ್ಟು ಬಾಗಿಲು ಬಿಗಿದರೆ ಆ ತೇವಕ್ಕೆ ಹೊರಹೋಗುವ ದಾರಿ ಇಲ್ಲ. ಶಾಲೆಯಲ್ಲಿ ಪ್ರಾಜೆಕ್ಟಿಗೆ ವಿಷಯ ಹುಡುಕುವ ಮಕ್ಕಳು ಒಂದು ಕಟ್ಟು ಹಳೇ ಪತ್ರಿಕೆಯನ್ನು ಜುಲೈನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಲಿ. ರದ್ದಿ ಪೇಪರನ್ನು ಯಾವ ತಿಂಗಳಲ್ಲಿ ಮಾರಿದರೆ ಲಾಭ ಎಂಬುದೂ ತಿಳಿದೀತು.

ಬೆಂಕಿ ತಡೆಯುವ ತಿಜೋರಿಗೆ ಇನ್ನೊಂದು ಗುಣವಿದೆ. ಅದರ ಎರಡು ಪದರದ ಗೋಡೆಯ ನಡುವೆ ಜಿಪ್ಸಂ, ಕಾಂಕ್ರೀಟಿನಂಥ, ನೀರನ್ನು ಹಿಡಿದಿಟ್ಟುಕೊಂಡ ವಸ್ತುವನ್ನು ತುಂಬಿರುತ್ತಾರೆ. ಬೆಂಕಿ ಬಿದ್ದಾಗ ಆ ನೀರು ಆವಿಯಾಗುತ್ತ ಶಾಖವನ್ನು ಹೀರುತ್ತದೆ, ಕಾಗದ ಸುಡದೆ ಉಳಿಯುತ್ತದೆ. ಆದರೆ ಬೆಂಕಿ ಬೀಳದ ದಿನಗಳಲ್ಲೂ ಆ ತೇವ ಸ್ವಲ್ಪಸ್ವಲ್ಪವಾಗಿ ಒಳಕ್ಕೆ ಬರುವುದುಂಟು. ಎರಡು ವಾರಕ್ಕೊಮ್ಮೆಯಾದರೂ ಬಾಗಿಲು ತೆರೆದಿಡಿ ಎಂದು ಇಂಥ ತಿಜೋರಿಗಳ ಜೊತೆ ಬರುವ ಪುಸ್ತಕದಲ್ಲಿ ಬರೆದಿರುವುದು ಇದಕ್ಕೇ. ಆ ಪುಸ್ತಕವನ್ನು ಭಾವ ಜೋಪಾನವಾಗಿ ತಿಜೋರಿಯೊಳಗೇ ಇಟ್ಟಿದ್ದರು.

ಬೂಷ್ಟಿನ ಬೀಜಕಣಗಳು ಎಲ್ಲ ಮನೆಯ ಗಾಳಿಯಲ್ಲೂ ಇರುತ್ತವೆ. ಅವನ್ನು ಪೂರ್ತಿ ಹೊರಗಟ್ಟುವುದು ಆಗದ ಮಾತು. ಅವು ಚಿಗುರಲು ಆರ್ದ್ರತೆ ಶೇ. 65-70ರ ಮೇಲೆ ಕೆಲವು ದಿನ ನಿಂತರೆ ಸಾಕು. ಕಾಗದ, ಬೈಂಡಿಂಗಿನ ಅಂಟು, ಚರ್ಮದ ಪಾಕೀಟು ಎಲ್ಲವೂ ಅವಕ್ಕೆ ಊಟ. ಆದ್ದರಿಂದ ನಾವು ಹಿಡಿತದಲ್ಲಿಡಬೇಕಾದ್ದು ತೇವವನ್ನು.

ಹುಡುಗಿ ಒದ್ದೆ ಬಟ್ಟೆ ಮುಟ್ಟಿಸಿರಲಿಲ್ಲ, ಪುಣ್ಯ. ಹಸಿ ಬೂಷ್ಟನ್ನು ಒರೆಸಿದರೆ ಅದು ಕಾಗದದ ನಾರಿನೊಳಕ್ಕೆ ಹೋಗಿ ಕೂರುತ್ತದೆ, ಮೊಹರಿನ ಶಾಯಿಯೂ ಹರಡುತ್ತದೆ. ಮೊದಲು ಒಣಗಬೇಕು. ಒಣಗಿದ ಬೂಷ್ಟು ಪುಡಿಯಾಗಿ ಉದುರುತ್ತದೆ. ಆದರೆ ಹೊರಗೆ ಜಡಿಮಳೆ. ಗಾಳಿಯ ಆರ್ದ್ರತೆಯೇ ಶೇ. 90ರ ಸುಮಾರು ಇರುವಾಗ ಫ್ಯಾನು ಹಾಕಿ ಒಣಗಿಸುವುದೆಂತು? ಅಲ್ಲದೆ ಬೂಷ್ಟು ಹಿಡಿದ ಕಾಗದಕ್ಕೆ ಫ್ಯಾನಿನ ಗಾಳಿ ನೇರ ಬಿದ್ದರೆ ಬೀಜಕಣ ಮನೆಯೆಲ್ಲ ಹಾರುತ್ತದೆ.

ಆಗ ನೆನಪಾದದ್ದು ಅಜ್ಜನ ಮನೆ. ಅಲ್ಲಿ ಪತ್ರಗಳಿದ್ದ ತಗಡಿನ ಪೆಟ್ಟಿಗೆ ಮಳೆಗಾಲದಲ್ಲಿ ಅಡುಗೆಮನೆಯ ಅಟ್ಟಕ್ಕೆ ಏರುತ್ತಿತ್ತು. ಕೆಳಗೆ ದಿನವಿಡೀ ಒಲೆ. ಕಾಗದ ಹೊಗೆಗೆ ಹಳದಿಯಾಗಿತ್ತೇ ಹೊರತು ಬೂಷ್ಟು ಕಂಡಿರಲಿಲ್ಲ. ಇದರ ಲೆಕ್ಕ ವಿದ್ಯಾರ್ಥಿಗಳಿಗೆ ಕಷ್ಟವಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲುದು. 32 ಡಿಗ್ರಿಯಲ್ಲಿ ಸುಮಾರು 34 ಗ್ರಾಂ. ಶೇ. 90 ಆರ್ದ್ರತೆಯ ಗಾಳಿಯನ್ನು ಏಳು ಡಿಗ್ರಿ ಬಿಸಿ ಮಾಡಿದರೆ ಆರ್ದ್ರತೆ ಶೇ. 60ರ ಹತ್ತಿರಕ್ಕೆ ಇಳಿಯುತ್ತದೆ. ಒಂದು ಹನಿ ನೀರನ್ನೂ ನಾವು ಹೊರಹಾಕಿರುವುದಿಲ್ಲ, ಆದರೂ ಗಾಳಿ ಕಾಗದದಿಂದ ತೇವ ಎಳೆಯತೊಡಗುತ್ತದೆ.

ಅಕ್ಕನ ಮನೆಯ ಬಚ್ಚಲ ಒಲೆಯ ಗೋಡೆಗೆ ಹೊಂದಿಕೊಂಡು ಕಾಯಿ ಒಣಗಿಸುವ ಕೋಣೆಯೊಂದಿದೆ. ಒಲೆಯನ್ನು ಆರದಂತೆ ಉರಿಸಿ, ಅಲ್ಲಿ ಚಾಪೆಯ ಮೇಲೆ ಬಿಳಿ ಹಾಳೆ ಹಾಸಿ, ಪತ್ರಗಳನ್ನು ಒಂದೊಂದಾಗಿ ಹರಡಿದೆವು. ಅಚ್ಚಾದ ಪತ್ರಿಕೆ ಹಾಸಿದರೆ ಮಸಿ ಅಂಟೀತು. ಒಲೆಯೇ ಇಲ್ಲದ ಪೇಟೆಯ ಮನೆಯಲ್ಲಿ ಏಸಿಯನ್ನು 'ಡ್ರೈ' ಗುಂಡಿಯಲ್ಲಿಟ್ಟರೆ ಕೆಲಸವಾಗುತ್ತದೆ. ಬಿಸಿಲಿದ್ದರೂ ನೆರಳಲ್ಲೇ ಒಣಗಿಸಬೇಕು, ಇಲ್ಲವಾದರೆ ಶಾಯಿ ಮಾಸುತ್ತದೆ. ಮಳೆನೀರೇ ಬಿದ್ದು ತೊಯ್ದ ಕಾಗದವನ್ನು ಕೂಡಲೇ ಒಣಗಿಸಲಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಬಹುದು. ಬೂಷ್ಟು ಸಾಯುವುದಿಲ್ಲ, ಆದರೆ ಬೆಳೆಯದೆ ನಿಲ್ಲುತ್ತದೆ. ನಮಗೆ ಸಮಯ ಸಿಗುತ್ತದೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಒಣಗಿದವು. ಮೂಗಿಗೆ ಎನ್-95 ಮಾಸ್ಕ್, ಕೈಗೆ ಗವಸು ಹಾಕಿಕೊಂಡು ಜಗಲಿಯಲ್ಲಿ ಕುಳಿತು, ಚಿತ್ರ ಬರೆಯುವ ಹೊಸ ಮೃದು ಬ್ರಷ್ಷಿನಿಂದ ನಮ್ಮಿಂದ ಆಚೆಗೆ ಗುಡಿಸುತ್ತ ಹೋದೆವು. ಉಬ್ಬಸವಿರುವ ಭಾವನನ್ನು ಹತ್ತಿರ ಬಿಡಲಿಲ್ಲ. ಅಂಥವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಅಂಕಪಟ್ಟಿಯ ಮೂಲೆಯಲ್ಲಿ ಒಂದು ಕಂದು ಕಲೆ ಉಳಿಯಿತು. ಹೆಸರು, ನಂಬರು, ಮೊಹರು ಎಲ್ಲ ಸ್ಪಷ್ಟವಾಗಿದ್ದವು. ಆ ಕಲೆಯನ್ನು ತೆಗೆಯಲು ಹೋಗಲಿಲ್ಲ. ಕ್ರಯಪತ್ರದ ಎರಡು ಹಾಳೆ ಮಾತ್ರ ಒಂದಕ್ಕೊಂದು ಅಂಟಿದ್ದವು. ಎಳೆದು ಬಿಡಿಸಲು ಭಾವ ಮುಂದಾದರು. ''ಬೇಡ ಭಾವ, ಹರಿದರೆ ಹೋಯಿತು'' ಎಂದು ತಡೆದೆ. ನೋಂದಣಿಯಾದ ಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸಿಗುತ್ತದೆ.

ತಿಜೋರಿಯ ಸರದಿ ಆಮೇಲೆ. ತಳಕ್ಕೆ ಹಾಸಿದ್ದ ವೆಲ್ವೆಟ್ ಬಟ್ಟೆಯನ್ನು ಕಿತ್ತು ಎಸೆದೆವು, ಬೂಷ್ಟಿನ ಬೇರು ಅದರಲ್ಲೇ ಇತ್ತು. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಮೇಲಿಂದ ಔಷಧದಂಗಡಿಯಲ್ಲಿ ಸಿಗುವ ಸ್ಪಿರಿಟ್ ಹಚ್ಚಿ, ಬಾಗಿಲು ತೆರೆದು ಎರಡು ದಿನ ಬಿಟ್ಟೆವು. ಸ್ಪಿರಿಟ್ ಇದ್ದಲ್ಲಿ ಬೆಂಕಿ ಬೇಡ, ಕಾಗದಕ್ಕಂತೂ ಅದನ್ನು ಸೋಕಿಸಬೇಡಿ. ಬ್ಲೀಚಿಂಗ್ ನೀರಿನಿಂದ ಕಬ್ಬಿಣ ತುಕ್ಕು ಹಿಡಿಯುತ್ತದೆ. ಅದಕ್ಕೆ ವಿನೆಗರ್ ಬೆರೆಸಿದರೆ ವಿಷಾನಿಲವೇ ಏಳುತ್ತದೆ, ಹುಷಾರು.

ಮತ್ತೆ ಬರದಂತೆ ಏನು ಮಾಡುವುದು? ತಿಜೋರಿ ಇದ್ದದ್ದು ಇರಚಲು ಹೊಡೆಯುವ ಪಡುವಣ ಗೋಡೆಗೆ ತಾಗಿ. ಒಳಗಿನ ಗೋಡೆಯ ಕಡೆಗೆ ಸರಿಸಿ, ಮರದ ಮಣೆಯ ಮೇಲಿಟ್ಟು, ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟೆವು. ಇನ್ನು ಸಿಲಿಕಾ ಜೆಲ್. ಚಪ್ಪಲಿ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣ ಹಾಕಿಟ್ಟು ನೆಮ್ಮದಿಯಾಗಿರುವವರು ಬಹಳ. ಅದು ಹೀರುವುದು ಹೆಚ್ಚೆಂದರೆ ತನ್ನ ತೂಕದ ಮೂರನೇ ಒಂದು ಪಾಲು. ಎರಡು ಗ್ರಾಂ ಪೊಟ್ಟಣ ಕಾಗದದ ಅರ್ಧ ಲೀಟರ್ ನೀರಿಗೆ ಏನು ಮಾಡೀತು? ಒಣಗಿದ ಕಾಗದವನ್ನೇ ಇಟ್ಟು, ಜೊತೆಗೆ ಕಾಲು ಕಿಲೋದಷ್ಟು ಜೆಲ್ ಬಟ್ಟೆಚೀಲದಲ್ಲಿ ಇಡಬೇಕು. ಬಣ್ಣ ಬದಲಾದಾಗ ಓವನ್‌ನಲ್ಲಿ 110-120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಹರಳು ಬೇಡ, ಅದರಲ್ಲಿರುವ ಕೋಬಾಲ್ಟ್ ಕ್ಲೋರೈಡ್ ಒಳ್ಳೆಯದಲ್ಲ. ಕಿತ್ತಳೆ ಬಣ್ಣದ್ದು ಸಾಕು. ಕರ್ಪೂರದಂತಿರುವ ನುಸಿಗುಳಿಗೆ ಹುಳುವಿಗೆ, ತೇವಕ್ಕಲ್ಲ. ಅಕ್ಕಿ ಗಂಟು ಇಟ್ಟರೆ ಬೂಷ್ಟಿನ ಜೊತೆ ಹುಳವೂ ಬಂದೀತು.

ಎರಡು ವಾರಕ್ಕೊಮ್ಮೆ ಬಾಗಿಲು ತೆರೆಯುವುದೂ ಮಳೆ ಬಿಟ್ಟು ಹೊಳವಾದ ದಿನ ನೋಡಿ. ಜಡಿ ಹಿಡಿದ ದಿನ ತೆರೆದರೆ ತೇವವನ್ನು ಕರೆದು ಒಳಗೆ ಕೂರಿಸಿದಂತೆ. ಕೆಲವೇ ನೂರು ರೂಪಾಯಿಗೆ ಸಿಗುವ ಆರ್ದ್ರತಾಮಾಪಕವೊಂದನ್ನು ಒಳಗಿಟ್ಟರೆ ಊಹೆಯ ಕೆಲಸ ತಪ್ಪುತ್ತದೆ. 50-55ರ ಕೆಳಗಿದ್ದರೆ ಚಿಂತೆಯಿಲ್ಲ.

ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿಬಿಟ್ಟರೆ ಹೇಗೆ ಎಂದು ಅಕ್ಕ ಕೇಳಿದಳು. ಬಿಸಿಯಲ್ಲಿ ಅಂಟಿಸಿದ ಹಾಳೆಯನ್ನು ಮತ್ತೆ ಬಿಡಿಸಲು ಬಾರದು, ಒಳಗೆ ತೇವವಿದ್ದರೆ ಅದೂ ಅಲ್ಲೇ. ಅದರ ಬದಲು ಎರಡೂ ಬದಿಯನ್ನು ಸ್ಕ್ಯಾನ್ ಮಾಡಿಸಿಡಿ, 2015ರಲ್ಲಿ ಆರಂಭವಾದ ಡಿಜಿಲಾಕರಿನಲ್ಲಿ ಮಕ್ಕಳ ಖಾತೆ ತೆರೆದಿಡಿ.

ಸೋಮವಾರ ಕಾಲೇಜಿನಲ್ಲಿ ಗುಮಾಸ್ತರು ಕಾರ್ಡನ್ನು ಎತ್ತಿ ಹಿಡಿದು, ''ಕಾಫಿ ಚೆಲ್ಲಿದ್ಯೇನಮ್ಮ?'' ಎಂದರಂತೆ. ಹುಡುಗಿ ಹೌದೆಂದು ಹೇಳಿ ಸೀಲು ಹಾಕಿಸಿಕೊಂಡು ಬಂದಳು. ಈಗ ತಿಜೋರಿಯ ಕೀಲಿ ಭಾವನ ಬಳಿ, ಜೆಲ್ ಒಣಗಿಸುವ ಕೆಲಸ ಅವಳದು.