ಕಲ್ಲಿನ ಫೋಟೋ ಫಾರ್ವರ್ಡ್ ಆದಾಗ ಏನೇನು ಕಳೆದುಹೋಗುತ್ತದೆ?

ಹೊಲದ ಬದುವಿನಲ್ಲಿ ವಾಲಿಕೊಂಡಿರುವ ಒಂದು ಕಲ್ಲು. ಮೇಲ್ಭಾಗದಲ್ಲಿ ಸೂರ್ಯ-ಚಂದ್ರರ ಚಿತ್ರ, ಕೆಳಗೆ ಸವೆದುಹೋದ ಅಕ್ಷರಗಳ ನಾಲ್ಕಾರು ಸಾಲು. ಜೊತೆಗೆ "ನಮ್ಮ ತಾಲ್ಲೂಕಿನಲ್ಲಿ ಸಿಕ್ಕ ಸಾವಿರಾರು ವರ್ಷ ಹಳೆಯ ಶಾಸನ, ಎಲ್ಲರಿಗೂ ಶೇರ್ ಮಾಡಿ" ಎನ್ನುವ ಒಕ್ಕಣೆ. ಇಂತಹ ಫೋಟೋಗಳು ವಾಟ್ಸ್‌ಆಪ್ ಗುಂಪುಗಳಲ್ಲಿ ಆಗಿಂದಾಗ್ಗೆ ಕಾಣಿಸಿಕೊಳ್ಳುತ್ತವೆ. ನೋಡಿ ಖುಷಿಪಟ್ಟು ನಾವೂ ಮುಂದಕ್ಕೆ ಕಳಿಸುತ್ತೇವೆ. ಆದರೆ ಇದು ಯಾವ ತಾಲ್ಲೂಕು, ಯಾವ ಊರು, ಫೋಟೋ ತೆಗೆದವರು ಯಾರು, ಯಾವಾಗ ತೆಗೆದದ್ದು ಎಂದು ಯಾರಾದರೂ ಕೇಳಿದರೆ? ಉತ್ತರ ಸಿಗುವುದು ಕಷ್ಟ.

ಹೂವಿನ ಫೋಟೋ ಅಥವಾ ಹಬ್ಬದ ಶುಭಾಶಯದ ವಿಷಯದಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ಶಾಸನದ ವಿಷಯ ಹಾಗಲ್ಲ. ಎಲ್ಲಿಯದು ಎಂದು ಗೊತ್ತಿಲ್ಲದ, ಅಕ್ಷರ ಮಸುಕಾದ ಫೋಟೋದಿಂದ ಇತಿಹಾಸಕ್ಕೆ ಹೆಚ್ಚಿನ ಉಪಯೋಗವಾಗುವುದಿಲ್ಲ. ಅದೇ ಫೋಟೋವನ್ನು ಸರಿಯಾದ ರೀತಿಯಲ್ಲಿ ಹಂಚಿಕೊಂಡರೆ, ಮುಂದೊಂದು ದಿನ ಆ ಕಲ್ಲೇ ಕಾಣೆಯಾದರೂ ಅದು ಹೇಳುವ ಸಂಗತಿ ಉಳಿಯುತ್ತದೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಶಾಸನಗಳು ಮಾನ್ಯಪುರ ಎಂದು ಕರೆಯುವ, ಗಂಗರ ರಾಜಧಾನಿಯಾಗಿದ್ದ ಮಣ್ಣೆ ಇರುವುದು ನೆಲಮಂಗಲ ತಾಲ್ಲೂಕಿನಲ್ಲಿ. ಈ ಶತಮಾನದ ಆರಂಭದಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ನೆಲೆಯೊಂದು ಬೆಳಕಿಗೆ ಬಂದ ರಾಜಘಟ್ಟ ದೊಡ್ಡಬಳ್ಳಾಪುರ ತಾಲ್ಲೂಕಿನದು. ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳಲ್ಲೂ ವೀರಗಲ್ಲು, ಮಾಸ್ತಿಕಲ್ಲು, ದಾನಶಾಸನಗಳಿವೆ. ಇನ್ನೊಂದೆಡೆ ವಿಮಾನ ನಿಲ್ದಾಣ, ಹೆದ್ದಾರಿ, ಬಡಾವಣೆ, ಕೈಗಾರಿಕಾ ಪ್ರದೇಶಗಳು ಬೆಳೆಯುತ್ತಿರುವುದೂ ಇದೇ ಜಿಲ್ಲೆಯಲ್ಲಿ. ಜೆಸಿಬಿ ಕೆಲಸ ಮಾಡುವಾಗ ಅಡ್ಡ ಸಿಕ್ಕಿದ್ದು ಚಪ್ಪಡಿಯೋ ಶಾಸನವೋ ಎಂದು ಯಾರೂ ನಿಂತು ನೋಡುವುದಿಲ್ಲ.

ನೂರಿಪ್ಪತ್ತು ವರ್ಷದ ಹಿಂದಿನ ಪಾಠ

ಈ ಕಲ್ಲುಗಳ ಬಗ್ಗೆ ಮಾಹಿತಿ ಎಲ್ಲಿ ಸಿಗುತ್ತದೆ? ಮೊದಲು ತೆರೆಯಬೇಕಾದ ಪುಸ್ತಕ ‘ಎಪಿಗ್ರಾಫಿಯಾ ಕರ್ನಾಟಿಕಾ’. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಜಿಲ್ಲಾವಾರು ಸಂಪಾದಿಸಿ ಪ್ರಕಟಿಸಿದ ಸಂಪುಟಗಳಿವು. ಬೆಂಗಳೂರು ಜಿಲ್ಲೆಯ ಶಾಸನಗಳಿರುವ ಒಂಬತ್ತನೇ ಸಂಪುಟ ಪ್ರಕಟವಾದದ್ದು 1905ರಲ್ಲಿ.

ಆ ಸಂಪುಟದಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳಿಗೆ ಪ್ರತ್ಯೇಕ ಕ್ರಮಸಂಖ್ಯೆಗಳಿವೆ. ಪ್ರತಿ ಶಾಸನದ ತಲೆಬರಹದಲ್ಲಿ ಅದು ಯಾವ ಊರಿನದು, ಆ ಊರಿನಲ್ಲಿ ಎಲ್ಲಿದೆ - ದೇವಸ್ಥಾನದ ಮುಂದೋ, ಹೊಲದಲ್ಲೋ, ಕೆರೆಯ ಬಳಿಯೋ - ಎಂಬ ವಿವರ ಇರುತ್ತದೆ. ಶಾಸನದ ಪಠ್ಯ, ಇಂಗ್ಲಿಷ್ ಅನುವಾದಗಳೂ ಇವೆ.

ಇಂದಿನ ಹವ್ಯಾಸಿಗಳು ಪುಸ್ತಕದ ವಿವರ ಹಿಡಿದು ಆ ಊರಿಗೆ ಹೋಗಿ ಕಲ್ಲನ್ನು ಹುಡುಕಬಲ್ಲರು ಎಂದರೆ ಅದಕ್ಕೆ ಕಾರಣ ಆ ಒಂದು ಸಾಲಿನ ತಲೆಬರಹ. ಕಲ್ಲು ಅಲ್ಲಿ ಇಲ್ಲದಿದ್ದರೆ, ‘ಇದ್ದದ್ದು ಈಗ ಇಲ್ಲ’ ಎಂದು ಖಚಿತವಾಗಿ ಹೇಳುವುದಕ್ಕೂ ಅದೇ ಆಧಾರ. ಪುಸ್ತಕದಲ್ಲಿ ಇಲ್ಲದ ಶಾಸನಗಳೂ ಈಗ ಸಿಗುತ್ತಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೆಲವು ವರ್ಷಗಳ ಹಿಂದೆ ಬೆಳಕಿಗೆ ಬಂದ, ಕ್ರಿ.ಶ. ಸುಮಾರು 750ರ ಕಿತ್ತಯ್ಯನ ವೀರಗಲ್ಲು ಇದಕ್ಕೊಂದು ಉದಾಹರಣೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಹೊಸ ಕಲ್ಲಿನ ಸುದ್ದಿ ಅಂಥವರಿಗೆ ತಲುಪಬೇಕಾದರೆ ನಾವು ಕಳಿಸುವ ಫೋಟೋದ ಜೊತೆಗೂ ರೈಸ್ ಅವರ ತಲೆಬರಹದಂತಹ ವಿವರ ಇರಬೇಕು.

ಫಾರ್ವರ್ಡ್ ಮಾಡಿದಾಗ ಆಗುವುದೇನು?

ಮೊಬೈಲ್ ಕ್ಯಾಮೆರಾ ಫೋಟೋ ತೆಗೆದಾಗ ಚಿತ್ರದ ಜೊತೆಗೆ ಇನ್ನೊಂದಷ್ಟು ಮಾಹಿತಿಯೂ ಅದೇ ಕಡತದಲ್ಲಿ ಸೇರಿಕೊಳ್ಳುತ್ತದೆ. ದಿನಾಂಕ, ಸಮಯ, ಫೋನಿನ ಮಾದರಿ, ಲೊಕೇಶನ್ ಆನ್ ಆಗಿದ್ದರೆ ಅಕ್ಷಾಂಶ-ರೇಖಾಂಶ. ಇದನ್ನು ಎಕ್ಸಿಫ್ ಮಾಹಿತಿ ಎನ್ನುತ್ತಾರೆ. ರೈಸ್ ಅವರು ಕೈಯಾರೆ ಬರೆಸಿದ ತಲೆಬರಹವನ್ನು ನಮ್ಮ ಫೋನು ತಾನಾಗಿಯೇ ಬರೆದುಕೊಳ್ಳುತ್ತದೆ ಎನ್ನಬಹುದು.

ಇದೇ ಫೋಟೋವನ್ನು ವಾಟ್ಸ್‌ಆಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಎರಡು ನಷ್ಟಗಳಾಗುತ್ತವೆ. ಮೊದಲನೆಯದು, ಈ ಎಕ್ಸಿಫ್ ಮಾಹಿತಿ ಅಳಿಸಿಹೋಗುತ್ತದೆ. ಎರಡನೆಯದು, ಚಿತ್ರ ಕುಗ್ಗುತ್ತದೆ. 12 ಮೆಗಾಪಿಕ್ಸೆಲ್ ಫೋಟೋದಲ್ಲಿ ಸುಮಾರು 4,000 x 3,000 ಪಿಕ್ಸೆಲ್‌ಗಳಿರುತ್ತವೆ. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದಾಗ ಅದು ಸುಮಾರು 1,600 x 1,200ಕ್ಕೆ ಇಳಿಯುತ್ತದೆ. ಅಂದರೆ ಉಳಿಯುವುದು ಆರರಲ್ಲಿ ಒಂದು ಪಾಲು ಮಾತ್ರ.

ಉಳಿದ ಪಾಲೂ ಪೂರ್ತಿಯಾಗಿ ಉಳಿಯುವುದಿಲ್ಲ. ಜೆಪೆಗ್ ವಿಧಾನ ಚಿತ್ರವನ್ನು 8 x 8 ಪಿಕ್ಸೆಲ್‌ಗಳ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮ ವ್ಯತ್ಯಾಸಗಳನ್ನು ಕೈಬಿಡುತ್ತದೆ. ಮನುಷ್ಯರ ಮುಖವಿರುವ ಫೋಟೋಗೆ ಇದರಿಂದ ತೊಂದರೆಯಾಗದು. ಆದರೆ ಬೂದು ಕಲ್ಲಿನ ಮೇಲೆ ಸವೆದ ಬೂದು ಅಕ್ಷರ ಇರುವುದೇ ಅಂಥ ಸೂಕ್ಷ್ಮ ವ್ಯತ್ಯಾಸದಲ್ಲಿ! ‘ಪ’ ಯಾವುದು ‘ವ’ ಯಾವುದು ಎಂದು ತಜ್ಞರು ಗುರುತಿಸುವ ಗೆರೆಯೇ ಮಾಯವಾಗಿರುತ್ತದೆ.

ಫಾರ್ವರ್ಡ್ ಮಾಡಿದಷ್ಟೂ ಫೋಟೋ ಹಾಳಾಗುತ್ತಾ ಹೋಗುತ್ತದೆ ಎಂಬ ನಂಬಿಕೆ ಇದೆ. ಇದು ಅರ್ಧ ಸತ್ಯ. ಫಾರ್ವರ್ಡ್ ಬಟನ್ ಒತ್ತಿದಾಗ ಸಾಮಾನ್ಯವಾಗಿ ಈಗಾಗಲೇ ಕುಗ್ಗಿರುವ ಅದೇ ಕಡತ ಮುಂದೆ ಹೋಗುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದಾಗ, ಕ್ರಾಪ್ ಮಾಡಿದಾಗ, ಫೇಸ್‌ಬುಕ್‌ನಿಂದ ಇಳಿಸಿ ಮತ್ತೆ ಹಾಕಿದಾಗ ಪ್ರತಿ ಬಾರಿಯೂ ಹೊಸದಾಗಿ ನಷ್ಟವಾಗುತ್ತದೆ.

ವಾಟ್ಸ್‌ಆಪ್‌ನಲ್ಲಿ 2023ರಿಂದ ಎಚ್‌ಡಿ ಆಯ್ಕೆ ಇದೆ. ಅದು ಉತ್ತಮ, ಆದರೆ ಮೂಲ ಕಡತವಲ್ಲ. ಮೂಲ ಕಡತವೇ ಹೋಗಬೇಕಾದರೆ ‘ಡಾಕ್ಯುಮೆಂಟ್’ ಆಯ್ಕೆಯ ಮೂಲಕ ಕಳಿಸಬೇಕು. ಆಗ ಎಕ್ಸಿಫ್ ಮಾಹಿತಿಯೂ ಜೊತೆಗೇ ಹೋಗುತ್ತದೆ ಎನ್ನುವುದು ನೆನಪಿರಲಿ.

ಫೋಟೋ ಒಂದೆಡೆ, ವಿಳಾಸ ಎಲ್ಲೆಡೆ

ಇದಕ್ಕಿಂತ ಒಳ್ಳೆಯ ದಾರಿ ಲಿಂಕ್ ಕಳಿಸುವುದು. ಫೋಟೋವನ್ನು ಅಂತರಜಾಲದ ಒಂದು ಜಾಗದಲ್ಲಿ ಇಟ್ಟು, ಅದರ ವಿಳಾಸವನ್ನಷ್ಟೇ ಎಲ್ಲರಿಗೂ ಕೊಡುವ ವಿಧಾನ ಇದು. ಗ್ರಂಥಾಲಯದ ಪುಸ್ತಕವನ್ನು ಜೆರಾಕ್ಸ್ ಮಾಡಿ ಊರಿಗೆಲ್ಲ ಹಂಚುವ ಬದಲು, ಅದು ಯಾವ ಕಪಾಟಿನಲ್ಲಿದೆ ಎಂದು ಹೇಳಿದಂತೆ.

ಇದರ ದೊಡ್ಡ ಲಾಭ ತಿದ್ದುಪಡಿ. "ಇದು ವೀರಗಲ್ಲು" ಎಂದು ನಾವು ಬರೆದದ್ದು ತಪ್ಪು, ಅದು ಮಾಸ್ತಿಕಲ್ಲು ಎಂದು ತಿಳಿದವರು ಹೇಳಿದರೆ, ಒಂದೇ ಕಡೆ ತಿದ್ದಿದರೆ ಸಾಕು. ಲಿಂಕ್ ತೆರೆಯುವ ಎಲ್ಲರಿಗೂ ಸರಿಯಾದ ವಿವರವೇ ಕಾಣುತ್ತದೆ. ಫಾರ್ವರ್ಡ್ ಆದ ಸಾವಿರ ಪ್ರತಿಗಳ ಬೆನ್ನುಹತ್ತಿ ತಿದ್ದಲು ಯಾರಿಂದಲೂ ಆಗದು.

ಫೋಟೋ ಎಲ್ಲಿ ಇಡುವುದು? ಗೂಗಲ್ ಫೋಟೋಸ್, ಗೂಗಲ್ ಡ್ರೈವ್‌ಗಳಲ್ಲಿ ಜಿಮೇಲ್ ಸೇರಿ 15 ಜಿಬಿ ಜಾಗ ಉಚಿತ. ಸಾರ್ವಜನಿಕ ಉಪಯೋಗಕ್ಕೆಂದೇ ಇಡುವುದಾದರೆ 2004ರಲ್ಲಿ ಶುರುವಾದ ವಿಕಿಮೀಡಿಯ ಕಾಮನ್ಸ್ ಇದೆ. ನಾವೇ ತೆಗೆದ ಫೋಟೋವನ್ನು ಮುಕ್ತ ಪರವಾನಗಿಯಲ್ಲಿ ಅಲ್ಲಿ ಹಾಕಬಹುದು. ಫೋಟೋ ತೆಗೆದವರು, ದಿನಾಂಕ, ವಿವರಣೆಗಳಿಗೆ ಅಲ್ಲಿ ಪ್ರತ್ಯೇಕ ಜಾಗಗಳಿವೆ, ವಿವರಣೆಯನ್ನು ಕನ್ನಡದಲ್ಲೂ ಬರೆಯಬಹುದು. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗದು ಎಂಬುದನ್ನು ಮೊದಲೇ ತಿಳಿದಿರಬೇಕು.

ಲಿಂಕ್ ಕಳಿಸುವವರು ಎಡವುವ ಜಾಗ ಒಂದಿದೆ. ಡ್ರೈವ್‌ನ ಲಿಂಕ್ ಕಳಿಸುತ್ತಾರೆ, ತೆರೆದವರಿಗೆ ‘ಅನುಮತಿ ಬೇಕು’ ಎಂಬ ಸಂದೇಶ ಬರುತ್ತದೆ. ಹಂಚುವಾಗ ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಆಯ್ಕೆ ಮಾಡಿರಬೇಕು. ಕಳಿಸುವ ಮುನ್ನ ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಆ ಲಿಂಕನ್ನು ನಾವೇ ತೆರೆದು ನೋಡಿದರೆ ಬೇರೆಯವರಿಗೆ ಏನು ಕಾಣುತ್ತದೆ ಎಂದು ಗೊತ್ತಾಗುತ್ತದೆ.

ಇನ್ನೊಂದು ಮಾತು: ಚಿತ್ರವನ್ನಷ್ಟೇ ತೋರಿಸುವ ನೇರ ಲಿಂಕ್‌ಗಿಂತ, ವಿವರಣೆಯೂ ಕಾಣುವ ಪುಟದ ಲಿಂಕ್ ಕಳಿಸುವುದೇ ಒಳ್ಳೆಯದು.

ಲಿಂಕ್ ಕೂಡ ಶಾಶ್ವತವಲ್ಲ

ಅಂತರಜಾಲಕ್ಕೆ ಹಾಕಿದ್ದು ಎಂದೆಂದಿಗೂ ಅಲ್ಲೇ ಇರುತ್ತದೆ ಎನ್ನುವುದೂ ಒಂದು ಮಿಥ್ಯೆ. ಒಂದು ಕಾಲದಲ್ಲಿ ಪ್ರಪಂಚದಾದ್ಯಂತ ಹವ್ಯಾಸಿಗಳು ಫೋಟೋಬಕೆಟ್ ಎಂಬ ತಾಣದಲ್ಲಿ ಚಿತ್ರಗಳನ್ನಿಟ್ಟು ಬೇರೆಡೆ ತೋರಿಸುತ್ತಿದ್ದರು. 2017ರಲ್ಲಿ ಆ ಸೌಲಭ್ಯಕ್ಕೆ ಸಂಸ್ಥೆ ವರ್ಷಕ್ಕೆ 399 ಡಾಲರ್ ಶುಲ್ಕ ನಿಗದಿಪಡಿಸಿತು. ವರ್ಷಗಳಿಂದ ಕಾಣುತ್ತಿದ್ದ ಚಿತ್ರಗಳ ಜಾಗದಲ್ಲಿ ಹಣ ಕಟ್ಟಿ ಎಂಬ ಸೂಚನೆ ಬಂತು. ನಮ್ಮಲ್ಲೂ ಜನಪ್ರಿಯವಾಗಿದ್ದ ಆರ್ಕುಟ್ 2014ರಲ್ಲಿ ಮುಚ್ಚಿತು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸತೊಡಗಿದೆ.

ಹಾಗಾಗಿ ಮೂಲ ಫೋಟೋ ಒಂದು ಪ್ರತಿ ನಮ್ಮ ಬಳಿ, ಇನ್ನೊಂದು ಬೇರೆ ಕಡೆ ಇರಲೇಬೇಕು. ಊರು, ದಿನಾಂಕಗಳನ್ನು ಲಿಂಕ್ ಕಳಿಸುವ ಸಂದೇಶದಲ್ಲೂ ಅಕ್ಷರದಲ್ಲಿ ಬರೆಯುವುದು ಒಳ್ಳೆಯದು. ಲಿಂಕ್ ಕೆಟ್ಟರೂ ಆ ಸಾಲು ಉಳಿಯುತ್ತದೆ.

ಸೂರ್ಯ-ಚಂದ್ರ ಮತ್ತು ನಿಧಿಯ ಕತೆ

ಹಾಗಾದರೆ ಜಾಗದ ವಿವರವನ್ನೆಲ್ಲ ಎಲ್ಲರಿಗೂ ಕೊಡಬೇಕೇ? ಇಲ್ಲಿ ಸ್ವಲ್ಪ ಎಚ್ಚರ ಬೇಕು. ಕಲ್ಲಿನ ಮೇಲೆ ಸೂರ್ಯ, ಚಂದ್ರ, ಹಾವಿನ ಚಿತ್ರವಿದ್ದರೆ ಅಡಿಯಲ್ಲಿ ನಿಧಿ ಇದೆ ಎಂದು ನಂಬಿ ರಾತ್ರೋರಾತ್ರಿ ಅಗೆಯುವವರು ಇದ್ದಾರೆ. ಇದಕ್ಕೆ ಯಾವ ಆಧಾರವೂ ಇಲ್ಲ. ಸೂರ್ಯ-ಚಂದ್ರರು ಇರುವಷ್ಟು ಕಾಲ ಈ ದಾನ ನಡೆಯಲಿ, ಈ ವೀರನ ಹೆಸರು ಉಳಿಯಲಿ ಎನ್ನುವುದಷ್ಟೇ ಆ ಚಿತ್ರದ ಅರ್ಥ. ಹಾವಿನ ಚಿತ್ರದ ಕಲ್ಲುಗಳು ಹರಕೆಗೆಂದು ಪ್ರತಿಷ್ಠಾಪಿಸಿದ ನಾಗರಕಲ್ಲುಗಳು. ದಾನಶಾಸನ ಹೇಳುವುದು ಯಾರು ಯಾರಿಗೆ ಎಷ್ಟು ಗದ್ದೆ ಬಿಟ್ಟರು ಎಂಬುದನ್ನು. ಹಣವನ್ನು ಎಲ್ಲಿ ಹೂತಿದ್ದಾರೆ ಎಂದು ಊರಮುಂದಿನ ಕಲ್ಲಿನಲ್ಲಿ ಯಾರಾದರೂ ಕೆತ್ತಿಸುತ್ತಾರೆಯೇ? ಅಷ್ಟಕ್ಕೂ ನೆಲದಡಿ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು ಎನ್ನುತ್ತದೆ ನಿಧಿ ಕಾಯಿದೆ.

ನಂಬಿಕೆ ಸುಳ್ಳಾದರೂ ಅದರಿಂದ ಒಡೆಯುವ ಕಲ್ಲು ನಿಜ. ಇದಕ್ಕೆ ಸರಳ ಪರಿಹಾರವೊಂದು ಅಕ್ಷಾಂಶ-ರೇಖಾಂಶದ ಲೆಕ್ಕದಲ್ಲೇ ಇದೆ. ಉದಾಹರಣೆಗೆ ದೊಡ್ಡಬಳ್ಳಾಪುರ ಪಟ್ಟಣ ಇರುವುದು ಸುಮಾರು 13.29, 77.54ರಲ್ಲಿ. ದಶಮಾಂಶ ಬಿಂದುವಿನ ನಂತರ ಎರಡು ಅಂಕಿ ಕೊಟ್ಟರೆ ಜಾಗದ ನಿಖರತೆ ಸುಮಾರು ಒಂದು ಕಿಲೋಮೀಟರ್. ನಾಲ್ಕು ಅಂಕಿ ಕೊಟ್ಟರೆ ಸುಮಾರು 11 ಮೀಟರ್. ಊರ ಹೊರಗೆ ಒಂಟಿಯಾಗಿರುವ ಕಲ್ಲಾದರೆ ಎಲ್ಲರಿಗೂ ಊರಿನ ಹೆಸರು ಮತ್ತು ಎರಡು ಅಂಕಿ, ಪುರಾತತ್ವ ಇಲಾಖೆ ಹಾಗೂ ಶಾಸನತಜ್ಞರಿಗೆ ಪೂರ್ತಿ ಅಂಕಿ ಕೊಡಬಹುದು. ಕಾಮನ್ಸ್‌ಗೆ ಹಾಕುವ ಕಡತದಲ್ಲಿ ಎಕ್ಸಿಫ್ ಮಾಹಿತಿ ಸಾರ್ವಜನಿಕವಾಗಿ ಕಾಣುತ್ತದೆ, ಆದ್ದರಿಂದ ಬೇಡದಿದ್ದರೆ ಮೊದಲೇ ಜಾಗದ ವಿವರ ತೆಗೆಯಬೇಕು. ಮನೆಯಲ್ಲಿ ತೆಗೆದ ಫೋಟೋಗಳಿಗೂ ಇದೇ ಎಚ್ಚರ ಅನ್ವಯಿಸುತ್ತದೆ.

ಊರಿನವರಿಂದಲೇ ಮುಚ್ಚಿಡುವುದು ಮಾತ್ರ ಸರಿಯಲ್ಲ. ಇದು ನಮ್ಮ ಊರಿನ ಹೆಸರಿರುವ ಕಲ್ಲು ಎಂದು ಗೊತ್ತಾದರೆ ಅದನ್ನು ಮೊದಲು ಕಾಯುವವರು ಅವರೇ.

ಹಂಚುವ ಮುನ್ನ ಇಷ್ಟು ಮಾಡೋಣ

ಬೆಳಗ್ಗೆ ಅಥವಾ ಸಂಜೆ, ಬೆಳಕು ಓರೆಯಾಗಿ ಬೀಳುವಾಗ ಫೋಟೋ ತೆಗೆಯೋಣ. ಅಕ್ಷರದ ಹಳ್ಳದಲ್ಲಿ ನೆರಳು ಬಿದ್ದಾಗ ಓದಲು ಸುಲಭ. ಕತ್ತಲಿನ ಗುಡಿಯಲ್ಲಾದರೆ ಟಾರ್ಚನ್ನು ಪಕ್ಕದಿಂದ ಹಿಡಿಯಬೇಕು. ಬಣ್ಣ, ಎಣ್ಣೆ, ಆಸಿಡ್, ತಂತಿ ಬ್ರಷ್ ಯಾವುದೂ ಕಲ್ಲಿಗೆ ತಾಗುವುದು ಬೇಡ.

ಸುತ್ತಲಿನ ಜಾಗ ಕಾಣುವಂತೆ ಒಂದು, ಇಡೀ ಕಲ್ಲಿನದು ಒಂದು, ನಂತರ ಸಾಲುಸಾಲಾಗಿ ಹತ್ತಿರದಿಂದ ಕೆಲವು ಫೋಟೋ ಬೇಕು. ಪಕ್ಕದಲ್ಲಿ ಸ್ಕೇಲ್ ಇಟ್ಟರೆ ಅಳತೆ ತಿಳಿಯುತ್ತದೆ.

ಅಕ್ಷರ ಸ್ಪಷ್ಟವಾಗಲಿ ಎಂದು ಎಐ ಆಪ್‌ಗಳಿಂದ ಫೋಟೋ ‘ಸುಧಾರಿಸುವುದು’ ಬೇಡ. ಅವು ಇಲ್ಲದ ಗೆರೆಗಳನ್ನು ಊಹಿಸಿ ಸೇರಿಸಬಲ್ಲವು. ಇಲ್ಲದ ಅಕ್ಷರ ಹುಟ್ಟಿದರೆ ಇಲ್ಲದ ಇತಿಹಾಸವೂ ಹುಟ್ಟುತ್ತದೆ.

ಇನ್ನು ಇಂಥ ಫೋಟೋ ಫಾರ್ವರ್ಡ್ ಆಗಿ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಎಲ್ಲಿಯದು, ಯಾವಾಗ ತೆಗೆದದ್ದು, ಯಾರು ತೆಗೆದದ್ದು ಎಂದು ಕಳಿಸಿದವರನ್ನು ಕೇಳೋಣ. ಒಬ್ಬರಿಂದೊಬ್ಬರಿಗೆ ಈ ಪ್ರಶ್ನೆ ಹಿಂದಕ್ಕೆ ಹೋಗಿ ಫೋಟೋ ತೆಗೆದವರನ್ನು ತಲುಪಿದರೆ, ಅವರ ಫೋನಿನಲ್ಲಿ ಮೂಲ ಕಡತ ಇನ್ನೂ ಇರಬಹುದು.